ಒಂಟಿ ಮನೆಗೆ ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ? ಮಳೆ, ಸಿಡಿಲು ಕಂಡವರು ಹೇಳಿ

ಶಿರಸಿ ಸೀಮೆಯ ತೋಟದ ಮನೆ:
ಮಗಳು ಅನಿಮೇಷನ್ ಕಲಿಯಲು ಹೊರಟಿದ್ದಾಳೆ. ಬ್ಲೆಂಡರ್ (ಅನಿಮೇಷನ್ ಮಾಡುವ ತಂತ್ರಾಂಶ) ಮತ್ತು ಡಾವಿಂಚಿ ರಿಸಾಲ್ವ್ (ವಿಡಿಯೊ ಸಂಕಲನದ ತಂತ್ರಾಂಶ) ನಡೆಯುವ ಯಂತ್ರ ಬೇಕು, ಎಂಬತ್ತು ಸಾವಿರದೊಳಗೆ ಮುಗಿಯಬೇಕು. ನಮ್ಮದು ಕುಮಟಾ ರಸ್ತೆಯಿಂದ ಒಳಗೆ, ಅಡಿಕೆ ತೋಟದ ನಡುವಿನ ಒಂಟಿ ಮನೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುವುದೆಂದು ಲೈನ್‌ಮ್ಯಾನನೂ ಹೇಳಲಾರ. ಜೋಡಿಸಿದ ಡೆಸ್ಕ್‌ಟಾಪ್ ಒಳ್ಳೆಯದೋ, ಲ್ಯಾಪ್‌ಟಾಪೋ? ಅಂಗಡಿಯವರ ಮಾತು ಬೇಕಾದಷ್ಟು ಕೇಳಿಯಾಗಿದೆ, ಬಳಸಿದವರು ಹೇಳಿ.

ಯಲ್ಲಾಪುರದ ಬೆಳೆಗಾರ:
ನಾನು ಡೆಸ್ಕ್‌ಟಾಪಿನ ಪಕ್ಷ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಜೋಡಿಸಿದಾಗ ರೈಜನ್ 5 5600 ಪ್ರೊಸೆಸರಿಗೆ 11,200, ಬೋರ್ಡಿಗೆ 8,600, 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡಿಗೆ 25,500, ಪವರ್ ಸಪ್ಲೈಗೆ 4,300, ಮಾನಿಟರಿಗೆ 9,800, ಉಳಿದ ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಎಲ್ಲಕ್ಕೆ 17,000, ಒಟ್ಟು 76,400 ರೂಪಾಯಿ ಬಿತ್ತು. ಮರುವರ್ಷದ ಮೇ ತಿಂಗಳಲ್ಲಿ, ಮಳೆ ಇನ್ನೂ ಹಿಡಿದಿರಲಿಲ್ಲ, ಗುಡುಗು ಕೇಳಿದೊಡನೆ ಕಂಪ್ಯೂಟರಿನ ಪ್ಲಗ್ ಕಿತ್ತಿಟ್ಟಿದ್ದೆವು. ಆದರೂ ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಸುಟ್ಟಿತು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ಸಂಪರ್ಕ ಕೊಟ್ಟವರು ಧೈರ್ಯ ಹೇಳಿ ಹೋಗಿದ್ದರು, ಮಾತು ಸುಳ್ಳೂ ಅಲ್ಲ. ಆದರೆ ಜಗಲಿಯ ಗೋಡೆಯಲ್ಲಿದ್ದ ರೌಟರಿನ ಅಡಾಪ್ಟರ್ ಮೂಲಕ ಬಂದ ಸಿಡಿಲಿನ ಹೊಡೆತ ರೌಟರನ್ನು ಸುಟ್ಟು, ಅಲ್ಲಿಂದ ತಾಮ್ರದ ಲ್ಯಾನ್ ವೈರು ಹಿಡಿದು ಕಂಪ್ಯೂಟರಿಗೆ ಇಳಿದಿತ್ತು. ಪೋರ್ಟಿನ ಪಕ್ಕದ ಚಿಪ್ಪಿನ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ತೂತು, ಸುತ್ತ ಕಂದು ಬಣ್ಣ, ಅಷ್ಟೇ. 650 ರೂಪಾಯಿಯ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿದೆ, ಯಂತ್ರ ಈಗಲೂ ನಡೆಯುತ್ತಿದೆ. ಇದೇ ಲ್ಯಾಪ್‌ಟಾಪ್ ಆಗಿದ್ದರೆ ಇಡೀ ಬೋರ್ಡು ಬದಲಾಯಿಸಿ ಎನ್ನುತ್ತಿದ್ದರು.

ಅಂಗಡಿಯವರು ಸುಟ್ಟ ಗುರುತು ನೋಡಿ ವಾರಂಟಿ ಇಲ್ಲವೆಂದರು. ವಿಮೆಯವರಲ್ಲಿಗೆ ಹೋದೆ. ಮನೆಯ ವಿಮೆಯಲ್ಲಿ ಸಿಡಿಲು ಸೇರಿದೆಯೆಂದು ಏಜೆಂಟರು ಹೇಳಿದ್ದೇನೋ ಸರಿ, ಆದರೆ ವಿದ್ಯುತ್ ಉಪಕರಣದೊಳಗೆ ಶಾರ್ಟ್ ಸರ್ಕ್ಯೂಟಿನಿಂದಾಗುವ ಹಾನಿ, ಅದು ಸಿಡಿಲಿನಿಂದಲೇ ಆಗಿದ್ದರೂ, ಪರಿಹಾರಕ್ಕೆ ಸೇರದು ಎಂದು ಸಣ್ಣಕ್ಷರದಲ್ಲಿ ಇತ್ತು. ಮನೆ ಹೊತ್ತಿ ಉರಿದಿದ್ದರೆ ಕೊಡುತ್ತಿದ್ದರೇನೋ.

ಕಾರವಾರ, ಕಡಲ ದಂಡೆ:
ಯಲ್ಲಾಪುರದವರಿಗೆ ಉಪ್ಪುಗಾಳಿಯ ಪರಿಚಯ ಇದ್ದಂತಿಲ್ಲ. ಕೋಡಿಬಾಗದ ಕಡೆ ನಮ್ಮ ಮನೆ. ಡೆಸ್ಕ್‌ಟಾಪ್ ಎಂದರೆ ನಾಲ್ಕು ಫ್ಯಾನುಗಳು ಹಗಲಿರುಳು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುವ ಪೆಟ್ಟಿಗೆ. ಆಗಸ್ಟ್ ಬಂತೆಂದರೆ ಪರದೆ ಕಪ್ಪಾಗಿ ನಿಲ್ಲುತ್ತಿತ್ತು. ರ‍್ಯಾಮ್ ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಕೆಲವು ವಾರ ನಡೆಯುತ್ತಿತ್ತು. ಗ್ರಾಫಿಕ್ಸ್ ಕಾರ್ಡಿನ ಸ್ಕ್ರೂಗಳು ತುಕ್ಕು ಹಿಡಿದು ತಲೆ ಸವೆದು, ಕೊನೆಗೆ ಡ್ರಿಲ್ ಹಾಕಿ ತೆಗೆಸಬೇಕಾಯಿತು, ಅದಕ್ಕೆ 400. ಬೇಸತ್ತು 74,990 ಕೊಟ್ಟು ಲ್ಯಾಪ್‌ಟಾಪ್ ತಂದೆ. ಮೂರು ವರ್ಷದ ವಾರಂಟಿಗೆಂದು ಮೇಲೆ 5,499. ಮೂರನೆಯ ಮಳೆಗಾಲದಲ್ಲಿ ಚಾರ್ಜ್ ಆಗುವುದು ನಿಂತಿತು. ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡಿ, ‘ಬೋರ್ಡಿನ ಮೇಲೆ ಹಸಿರು ಪಾಚಿಯಿದೆ, ನೀವು ನೀರು ಚೆಲ್ಲಿದ್ದೀರಿ, ವಾರಂಟಿ ಅನ್ವಯಿಸದು, 31,000 ಆಗುತ್ತದೆ’ ಎಂದು ಪತ್ರ ಕೊಟ್ಟರು. ನೀರು ಚೆಲ್ಲುವುದಕ್ಕೂ ಕಡಲ ಪಕ್ಕ ಬದುಕುವುದಕ್ಕೂ ಅವರಿಗೆ ವ್ಯತ್ಯಾಸವೇ ಗೊತ್ತಿಲ್ಲ. ಮಡಗಾಂವಿನ ಒಬ್ಬ ರಿಪೇರಿಯವರು ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು 2,500 ರೂಪಾಯಿಗೆ ಸರಿಮಾಡಿಕೊಟ್ಟರು. ಆದರೂ ಲ್ಯಾಪ್‌ಟಾಪೇ ಮೇಲು: ಕರೆಂಟ್ ಹೋದರೂ ನಾಲ್ಕು ಗಂಟೆ ಕೆಲಸ ನಿಲ್ಲದು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿವೆ, ಕದ್ರಾದಲ್ಲಿ ಅಣೆಕಟ್ಟಿದೆ, ಆದರೂ ನಮ್ಮ ಬೀದಿಯಲ್ಲಿ ಮೊದಲ ಗುಡುಗಿಗೇ ಕತ್ತಲೆ.

ಯಲ್ಲಾಪುರದ ಬೆಳೆಗಾರ:
ಲ್ಯಾಪ್‌ಟಾಪಿಗೂ ಫ್ಯಾನ್ ಇದೆ ಸ್ವಾಮಿ, ಅದೇನು ಉಸಿರು ಬಿಗಿಹಿಡಿದು ಕೂರುತ್ತದೆಯೇ? ನಿಮ್ಮದೇ ಲೆಕ್ಕದಲ್ಲಿ ಅವರು ಕೇಳಿದ್ದು 31,000, ನನಗೆ ತಗಲಿದ್ದು 650. ಇನ್ನು ಆ ನಾಲ್ಕು ಗಂಟೆಯ ಮಾತು. ಅದು ಪತ್ರ ಬರೆಯುವವರ ಲೆಕ್ಕ. ಬ್ಯಾಟರಿಯ ಮೇಲಿರುವಾಗ ಗ್ರಾಫಿಕ್ಸ್ ಚಿಪ್ಪು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಗಿದ್ದೂ ರೆಂಡರ್, ಅಂದರೆ ಅಂತಿಮ ದೃಶ್ಯ ತೆಗೆಯುವ ಕೆಲಸ, ಹಾಕಿ ನೋಡಿ, ಒಂದು ಗಂಟೆ ಬಂದರೆ ಪುಣ್ಯ. ಕೇಳಿದವರ ಮಗಳು ಕಲಿಯುವುದು ಅನಿಮೇಷನ್.

ಕಾರವಾರ, ಕಡಲ ದಂಡೆ:
ನಿಮ್ಮ ಡೆಸ್ಕ್‌ಟಾಪ್ ಕರೆಂಟಿಲ್ಲದೆ ಎಷ್ಟು ಹೊತ್ತು ರೆಂಡರ್ ಮಾಡುತ್ತದೆ ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೀರಿ. ಕರೆಂಟ್ ಹೋದಾಗ ಕಂಪ್ಯೂಟರನ್ನು ಬ್ಯಾಟರಿಯ ಮೇಲೆ ನಡೆಸುವ ಯುಪಿಎಸ್ ಮೇಲೆ 600 ವಿಎ ಎಂದು ಬರೆದಿದ್ದರೂ ಸಾಮಾನ್ಯವಾಗಿ ಅದು ಕೊಡುವುದು 360 ವ್ಯಾಟ್. ಆ ಕಾರ್ಡು ಪೂರ್ತಿ ದುಡಿಯುತ್ತಿರುವಾಗ ಕರೆಂಟ್ ಹೋದರೆ ಅದು ಕುಂಯ್ ಎಂದು ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹೊನ್ನಾವರದ ಅಕ್ಕೋರು:
ಇಬ್ಬರೂ ಸ್ವಲ್ಪ ಸುಮ್ಮನಿರಿ. ಯುಪಿಎಸ್ ಬೇಡ, ಮನೆಯ ಇನ್ವರ್ಟರಿನಲ್ಲೇ ಡೆಸ್ಕ್‌ಟಾಪ್ ನಡೆಸಬಹುದು, ನಾನು ನಡೆಸುತ್ತಿದ್ದೇನೆ. ಸೈನ್ ವೇವ್ ಇನ್ವರ್ಟರಿಗೆ 8,900, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಗೆ 15,200, ಟ್ರಾಲಿಗೆ 900. ಮೊದಲಿಗೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಮರುಚಾಲನೆಯಾಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಪವರ್ ಸಪ್ಲೈ ಕೆಟ್ಟಿದೆಯೆಂದು ಹೊಸದು ಹಾಕಿಸಿದ, 3,900 ಹೋಯಿತು, ರೋಗ ಹೋಗಲಿಲ್ಲ. ಕೊನೆಗೆ ಕಾಲೇಜಿಗೆ ಹೋಗುವ ನಮ್ಮ ಅಣ್ಣನ ಮಗ ಇನ್ವರ್ಟರಿನ ಬೆನ್ನಿಗಿದ್ದ ಪುಟ್ಟ ಸ್ವಿಚ್ಚನ್ನು ‘ಯುಪಿಎಸ್’ ಎಂಬ ಕಡೆಗೆ ಸರಿಸಿದ, ಅಲ್ಲಿಗೆ ಸರಿಹೋಯಿತು. ಸಾಮಾನ್ಯ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗಲು ತಗಲುವ ಸಮಯದಿಂದ ಬಲ್ಬಿಗೆ, ಫ್ಯಾನಿಗೆ ತೊಂದರೆಯಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಹದಿನೈದು ಮಿಲಿಸೆಕೆಂಡಿನ ಆಚೀಚೆ ಮಾತ್ರ ತಡೆದುಕೊಳ್ಳುತ್ತದೆ.

ಅಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಫೆಬ್ರವರಿಯಿಂದ ಮೇವರೆಗೆ ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ ಎಲ್ಲರ ಪಂಪುಗಳೂ ನಡೆಯುವುದರಿಂದ ನಮ್ಮ ವೋಲ್ಟೇಜ್ 165ಕ್ಕೆ ಇಳಿಯುತ್ತದೆ. ಯುಪಿಎಸ್ ಸ್ಥಿತಿಯಲ್ಲಿರುವ ಇನ್ವರ್ಟರ್ 180ಕ್ಕಿಂತ ಕೆಳಗಿನದನ್ನು ಕರೆಂಟೆಂದೇ ಒಪ್ಪುವುದಿಲ್ಲ. ಗೋಡೆಯಲ್ಲಿ ಕರೆಂಟ್ ಇದ್ದರೂ ಬ್ಯಾಟರಿಯನ್ನೇ ಹೀರುತ್ತಾ ಕೂತು, ನಿಜವಾಗಿ ಕರೆಂಟ್ ಹೋಗುವ ರಾತ್ರಿಯ ಹೊತ್ತಿಗೆ ಬರಿದಾಗಿರುತ್ತದೆ. ಅದಕ್ಕಾಗಿ ಇನ್ವರ್ಟರಿನ ಮುಂದೆ ಸ್ಟೆಬಿಲೈಸರ್ ಹಾಕಿಸಿದೆ, 3,400. ಅದರೊಳಗೆ ಹಲ್ಲಿ ಹೊಕ್ಕು ಸತ್ತು ರಿಲೇ ಸುಟ್ಟಿತು, 700. ಗೇರುಸೊಪ್ಪೆಯಲ್ಲಿ ಶರಾವತಿಯ ನೀರಿನಿಂದ 240 ಮೆಗಾವ್ಯಾಟ್ ತೆಗೆಯುತ್ತಾರೆ, ಆದರೂ ನಮಗೆ ಈ ಗತಿ; ಕಾರವಾರದವರು ಕೈಗಾ, ಕದ್ರಾಗಳನ್ನಷ್ಟೇ ಎತ್ತಿ ಆಡಬೇಕಾಗಿಲ್ಲ.

ಕುಮಟಾದ ಹುಡುಗ:
ಎಂಬತ್ತು ಸಾವಿರವೇ ಏಕೆ? ಬೆಂಗಳೂರಿನ ಕಂಪನಿಗಳು ಹೊರಹಾಕಿದ ಹಳೆಯ ವರ್ಕ್‌ಸ್ಟೇಷನ್ನನ್ನು ನಾನು 17,500ಕ್ಕೆ ತಂದೆ. ಆರನೆಯ ತಲೆಮಾರಿನ ಇಂಟೆಲ್ ಐ7 ಪ್ರೊಸೆಸರ್, ಉಕ್ಕಿನಂಥ ಕ್ಯಾಬಿನೆಟ್. ಬಸ್ಸಿನಲ್ಲಿ ತರಿಸಿದ್ದಕ್ಕೆ 350, ಪೇಟೆಯಿಂದ ಮನೆಗೆ ಆಟೋಗೆ 200. ಹಳೆಯ ಗ್ರಾಫಿಕ್ಸ್ ಕಾರ್ಡಿಗೆ 9,000. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಇಂಟೆಲ್ ಪ್ರೊಸೆಸರುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಅದಕ್ಕೇ ಅಷ್ಟು ಅಗ್ಗವಾಗಿ ಸಿಕ್ಕಿದ್ದು. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದೇನೆ, ಬ್ಲೆಂಡರ್ ಸೊಗಸಾಗಿ ನಡೆಯುತ್ತದೆ, ಆಟಗಳೂ ನಡೆಯುತ್ತವೆ. 100 ಜಿಬಿಯ ಆಟವನ್ನು ಇಳಿಸಲು ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಸಿದ್ಧ, ನಡುವೆ ಫೈಬರ್ ಮೇಲೆ ತೆಂಗಿನ ಹೆಡೆ ಬೀಳದಿದ್ದರೆ.

ಹೊನ್ನಾವರದ ಅಕ್ಕೋರು:
ತಮ್ಮಾ, ಅವರು ಕೇಳಿದ್ದು ಆಟಕ್ಕಲ್ಲ. ಲಿನಕ್ಸಿನಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಮೊಬೈಲಿನಲ್ಲಿ ತೆಗೆದ ಎಚ್.264 ರೂಪದ ವಿಡಿಯೊ ತೆರೆಯುವುದಿಲ್ಲ ಎಂಬುದನ್ನು ಏಕೆ ಹೇಳಲಿಲ್ಲ? ಆ ಹುಡುಗಿ ಪ್ರತಿ ತುಣುಕನ್ನೂ ಮೊದಲು ಬೇರೆ ರೂಪಕ್ಕೆ ಪರಿವರ್ತಿಸುತ್ತಾ ಕೂರಬೇಕೇ?

ಕುಮಟಾದ ಹುಡುಗ:
ಪರಿವರ್ತಿಸಲು ಒಂದು ಸಾಲಿನ ಆದೇಶ ಸಾಕು ಅಕ್ಕೋರೇ. ಉಳಿದ ಐವತ್ತು ಸಾವಿರದಲ್ಲಿ ಏನೇನು ಮಾಡಬಹುದೆಂದು ಯೋಚಿಸಿ.

ಭಟ್ಕಳದ ವ್ಯಾಪಾರಿ:
ಹಳೆಯ ಸಾಮಾನಿನ ಉಸಾಬರಿ ಏಕೆ? ಜಿಎಸ್‌ಟಿ ಇಳಿದಿದೆ, ಹೊಸ ಲ್ಯಾಪ್‌ಟಾಪ್ ಕೊಳ್ಳಲು ಇದೇ ಸಮಯ.

ಕುಮಟಾದ ಹುಡುಗ:
ದಯವಿಟ್ಟು ತಿಳಿದು ಹೇಳಿ. 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರುಗಳ ತೆರಿಗೆ. ಲ್ಯಾಪ್‌ಟಾಪಿಗೆ ಮೊದಲೂ 18, ಈಗಲೂ 18. ಬದಲಾಗಿ ಅದೇ ವರ್ಷದ ಕೊನೆಯಿಂದ ರ‍್ಯಾಮ್ ಬೆಲೆ ಏರಿತು. ಎಐ ಕೇಂದ್ರಗಳಿಗೆ ಬೇಕೆಂದು ಮೆಮೊರಿ ತಯಾರಕರು ಆ ಕಡೆಗೇ ತಿರುಗಿದ್ದಾರೆ. ಮೈಕ್ರಾನ್ ಕಂಪನಿಯು ಬಳಕೆದಾರರಿಗೆಂದು ಮಾರುತ್ತಿದ್ದ ಕ್ರೂಷಿಯಲ್ ಉದ್ಯಮವನ್ನೇ ಕೈಬಿಡುವುದಾಗಿ ಡಿಸೆಂಬರಿನಲ್ಲಿ ಘೋಷಿಸಿತು. ಯಲ್ಲಾಪುರದವರ 76,400ರ ಪಟ್ಟಿ ಹಿಡಿದು ಇಂದು ಹುಬ್ಬಳ್ಳಿಗೆ ಹೋದರೆ ಅಂಗಡಿಯವರು ಕಾಫಿ ಕೊಟ್ಟು ಕಳಿಸುತ್ತಾರೆ.

ಭಟ್ಕಳದ ವ್ಯಾಪಾರಿ:
ದೊಡ್ಡವರೊಡನೆ ಮಾತಾಡುವ ರೀತಿ ಕಲಿಯಿರಿ. ನಾನು ಹೇಳಿದ್ದು ಒಟ್ಟಾರೆ ಮಾರುಕಟ್ಟೆಯ ಮಾತು.

ಅಂಕೋಲೆಯ ರಿಪೇರಿಯವರು:
ಇಲ್ಲಿಯವರೆಗೆ ಒಬ್ಬರೂ ಅರ್ಥಿಂಗ್ (ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ವ್ಯವಸ್ಥೆ) ಎಂಬ ಶಬ್ದ ಎತ್ತಲಿಲ್ಲ. ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವ ಸುಟ್ಟ ಯಂತ್ರಗಳಲ್ಲಿ ಹೆಚ್ಚಿನವು ಮೂರನೆಯ ಪಿನ್ನಿಗೆ ತಂತಿಯೇ ಇಲ್ಲದ ಮನೆಗಳಿಂದ ಬಂದವು. ಯಲ್ಲಾಪುರದವರೇ, ನಿಮ್ಮ ಕ್ಯಾಬಿನೆಟ್ಟಿನ ಬರಿಯ ಕಬ್ಬಿಣದ ಭಾಗವನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಹೌದಾದರೆ ಅರ್ಥ್ ಇಲ್ಲ. ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಸ್ವಲ್ಪ ವಿದ್ಯುತ್ತು ಭೂಮಿಗೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನಲ್ಲೇ ನಿಂತಿರುತ್ತದೆ. 1,200 ರೂಪಾಯಿ ಕೊಟ್ಟು ಸರ್ಜ್ ಪ್ಲಗ್ ತಂದು ಎಲ್ಲರೂ ನಿಶ್ಚಿಂತರಾಗುತ್ತಾರೆ; ಅದರೊಳಗೆ ಹೆಚ್ಚಿನ ವೋಲ್ಟೇಜನ್ನು ತಡೆಯುವ ವೇರಿಸ್ಟರ್ ಎಂಬ ಭಾಗ ಪ್ರತಿ ಹೊಡೆತಕ್ಕೂ ಸವೆಯುತ್ತದೆ, ಅರ್ಥ್ ಇಲ್ಲದ ಮನೆಯಲ್ಲಿ ಅದರ ಅರ್ಧ ಕೆಲಸ ನಡೆಯುವುದೇ ಇಲ್ಲ. ಮನೆಗೇ ಸಿಡಿಲು ಹೊಡೆದರೆ ಯಾವ ಪ್ಲಗ್ಗೂ ಕಾಯದು. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಎಚ್ಚರಿಸಿದಾಗ ಎಲ್ಲ ಪ್ಲಗ್ಗುಗಳನ್ನೂ ಕೀಳುವುದೊಂದೇ ದಾರಿ, ಲ್ಯಾನ್ ವೈರೂ ಸೇರಿ.

ಯಲ್ಲಾಪುರದ ಬೆಳೆಗಾರ:
ನಮ್ಮಲ್ಲಿ ಅರ್ಥಿಂಗ್ ಗುಂಡಿ ಇದೆ. ಇದ್ದಿಲು, ಉಪ್ಪು ಎಲ್ಲ ತುಂಬಿಸಿದ್ದೇನೆ. ಜುಮ್ಮೆನ್ನುವುದು ಬೇಸಿಗೆಯಲ್ಲಿ ಮಾತ್ರ.

ಅಂಕೋಲೆಯ ರಿಪೇರಿಯವರು:
ಬೇಸಿಗೆಯಲ್ಲಿ ಮಾತ್ರ ಎಂದರೆ ಗುಂಡಿ ಒಣಗಿದೆ ಎಂದೇ. ಚಿರೇಕಲ್ಲಿನ ನೆಲ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ, ಸಿಡಿಲು ಜೋರಾಗುವುದೂ ಏಪ್ರಿಲ್–ಮೇ ತಿಂಗಳಲ್ಲೇ. ಉಪ್ಪು ಹಾಕಿದಿರಿ, ಸರಿ. ಅದೇ ಉಪ್ಪು ಕೆಲವು ವರ್ಷಗಳಲ್ಲಿ ಗುಂಡಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ತಿಂದು ಹಾಕುತ್ತದೆ. ಮೇಲೆ ನೋಡಲು ಗುಂಡಿ ಇರುತ್ತದೆ, ಕೆಳಗೆ ಪೈಪು ಇರುವುದಿಲ್ಲ.

ಕಾರವಾರ, ಕಡಲ ದಂಡೆ:
ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂದು ನಾನು ಆರಂಭದಲ್ಲೇ ಹೇಳಿದ್ದೆ, ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಲ್ಲಾಪುರದ ಬೆಳೆಗಾರ:
ನೀವು ಹೇಳಿದ್ದು ಗಾಳಿಯ ಉಪ್ಪಿನ ಮಾತು.

ಶಿರಸಿ ಸೀಮೆಯ ತೋಟದ ಮನೆ:
ಎಲ್ಲರಿಗೂ ಧನ್ಯವಾದ. ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ರಿಪೇರಿಯವರು ಹೇಳಿದಂತೆ ಸ್ವಿಚ್‌ಬೋರ್ಡ್ ಬಿಚ್ಚಿಸಿ ನೋಡಿದರೆ ಜಗಲಿಯ ಪ್ಲಗ್ಗಿನ ಮೇಲಿನ ರಂಧ್ರಕ್ಕೆ ತಂತಿ ಕಟ್ಟಿಲ್ಲ. ಮಾಳಿಗೆಯಲ್ಲಿ ಹಸಿರು ತಂತಿ ಇದೆ, ಆದರೆ ಅದು ಎಲ್ಲಿಗೆ ಹೋಗುತ್ತದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಹೊಸದಾಗಿ ಮಾಡಿಸಿದರೆ ಎಷ್ಟಾದೀತು?

ಅಂಕೋಲೆಯ ರಿಪೇರಿಯವರು:
ತಾಮ್ರ ಲೇಪಿಸಿದ ಸರಳು, ಉಪ್ಪಿನ ಬದಲು ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣಿನ ಪುಡಿ, ಕೂಲಿ ಸೇರಿ ಆರರಿಂದ ಎಂಟು ಸಾವಿರ ಹಿಡಿಯಿರಿ. ಬಚ್ಚಲ ನೀರು ಹರಿದುಹೋಗುವ ಕಡೆ ಗುಂಡಿ ತೋಡಿಸಿ, ಬೇಸಿಗೆಯಲ್ಲೂ ತೇವ ಇರುತ್ತದೆ. ಕೆಲಸ ಮುಗಿದ ಮೇಲೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟು ತೋರಿಸಲು ಹೇಳಿ. ಎರಡು–ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಹಣ ಕೊಡಬೇಡಿ.