ವೃದ್ಧಾಶ್ರಮದಲ್ಲಿ ಎಲ್ಲ ಇದೆ, ಆದರೂ ಅಮ್ಮನ ಮುಖದಲ್ಲಿ ಗೆಲುವಿಲ್ಲ

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ 79. ಅಪ್ಪ ಹೋದಮೇಲೆ ಶಿವಮೊಗ್ಗದ ಮನೆಯಲ್ಲಿ ಒಬ್ಬರೇ ಇದ್ದರು. ಬಚ್ಚಲಲ್ಲಿ ಬಿದ್ದಮೇಲೆ ಮೈಸೂರಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಜಾಗ ಚೊಕ್ಕಟ, ನರ್ಸ್ ಇದ್ದಾರೆ, ಊಟವೂ ಪರವಾಗಿಲ್ಲ. ಫೋನ್ ಮಾಡಿದರೆ "ನಂಗೇನು ಕಮ್ಮಿಯಾಗಿದೆ ಇಲ್ಲಿ" ಅಂತಾರೆ, ಅಷ್ಟೇ. ಇನ್ನೂ ದುಬಾರಿ ಜಾಗಕ್ಕೆ ಬದಲಿಸೋಣ್ವಾ?

ಉತ್ತರ (ಹಿರಿಯರ ಮನೋವೈದ್ಯೆ): ಸದ್ಯಕ್ಕೆ ಬೇಡ. ಹಾಸಿಗೆ, ಟೀವಿ, ಲಿಫ್ಟು ನೋಡಿ ಸಮಾಧಾನ ಆಗೋದು ಸೇರಿಸುವ ಮಕ್ಕಳಿಗೆ. ಇರುವವರಿಗೆ ಬೇಕಾದ್ದು ಬೇರೆ. ಏಳೋದು, ಸ್ನಾನ, ಊಟ, ದೀಪ ಆರಿಸೋದು, ಎಲ್ಲಾ ಗಂಟೆ ಹೊಡೆದಂತೆ ಇನ್ಯಾರೋ ಗೊತ್ತು ಮಾಡ್ತಾರೆ. ಐವತ್ತು ವರ್ಷ ಮನೆ ನಡೆಸಿದ ಹೆಂಗಸಿಗೆ ನಾಳೆ ಏನು ಸಾರು ಅಂತ ಕೇಳುವವರೂ ಇಲ್ಲ.

1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಅಲ್ಲಿನ ಒಂದು ಕೇರ್ ಹೋಮಿನಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಮಹಡಿಯವರಿಗೆ, ಕೋಣೆ ಹೇಗಿರಬೇಕು, ಸಿನಿಮಾ ಯಾವತ್ತು ನೋಡಬೇಕು ನೀವೇ ತೀರ್ಮಾನಿಸಿ ಅಂದರು. ಒಂದು ಗಿಡ ಕೊಟ್ಟು ನೀವೇ ನೋಡಿಕೊಳ್ಳಿ ಅಂದರು. ಇನ್ನೊಂದು ಮಹಡಿಯಲ್ಲೂ ಗಿಡ ಕೊಟ್ಟರು, ನೀರು ಹಾಕಿದ್ದು ನರ್ಸ್‌ಗಳು. ಮೂರು ವಾರಕ್ಕೆ ಮೊದಲ ಮಹಡಿಯವರೇ ಹೆಚ್ಚು ಲವಲವಿಕೆಯಿಂದಿದ್ದರು. ಸಣ್ಣ ಅಧ್ಯಯನ, ಪವಾಡ ಅಂತ ಹೇಳಲಾರೆ. ಆದರೆ ನನ್ನ ರೋಗಿಗಳಲ್ಲಿ ದಿನಾ ಕಾಣೋದು ಇದನ್ನೇ.

ಹಾಗಾಗಿ "ಚೆನ್ನಾಗಿದ್ದೀಯಾಮ್ಮ" ಅಂತ ಕೇಳಬೇಡಿ. ಬೆಳಗ್ಗೆಯಿಂದ ಏನೇನು ಮಾಡಿದೆ, ಯಾರ ಪಕ್ಕ ಊಟಕ್ಕೆ ಕೂತಿದ್ದೆ ಅಂತ ಕೇಳಿ.

ಇನ್ನೊಂದು ವಿಷಯ. ನಿದ್ದೆ ಕೆಟ್ಟಿದೆಯಾ, ತೂಕ ಇಳಿದಿದೆಯಾ, ಇಷ್ಟದ ಧಾರಾವಾಹಿಯೂ ಬೇಡವಾಗಿದೆಯಾ? ಹಾಗಿದ್ದರೆ ಖಿನ್ನತೆ ಇರಬಹುದು, ವಯಸ್ಸಾಯ್ತು ಅಂತ ಬಿಡಬೇಡಿ. ಹದಿನೈದು ಪ್ರಶ್ನೆಗಳ ಒಂದು ಪಟ್ಟಿಯಿದೆ, ಹೌದು-ಇಲ್ಲ ಅಂದರೆ ಸಾಕು. ಮೊದಲ ಪ್ರಶ್ನೆಯೇ ಬದುಕಿನ ಬಗ್ಗೆ ತೃಪ್ತಿ ಇದೆಯೇ ಅನ್ನೋದು. ಥೈರಾಯ್ಡ್, ಬಿ12 ಕೂಡ ನೋಡಿಸಿ.

ಇನ್ನೊಬ್ಬ ಸದಸ್ಯೆ: ನಮ್ಮತ್ತೆ ವೃದ್ಧಾಶ್ರಮದಲ್ಲಿ ಯಾರ ಜೊತೆಗೂ ಬೆರೆಯಲ್ಲ ಮೇಡಂ. ಸ್ವಭಾವವೇ ಹಾಗೆ ಅಂತ ಸುಮ್ಮನಿದ್ದೀವಿ.

ಉತ್ತರ: ಮೊದಲು ಕಿವಿ ತೋರಿಸಿ. ಗುಗ್ಗೆ ಕಟ್ಟಿರಬಹುದು, ಕಿವಿಯಂತ್ರದ ಬ್ಯಾಟರಿ ಮುಗಿದಿರಬಹುದು. ಗದ್ದಲದ ಊಟದ ಹಾಲಿನಲ್ಲಿ ಮಾತು ಕೇಳಿಸದವರು ಕೋಣೆ ಸೇರಿಬಿಡ್ತಾರೆ, ಆಮೇಲೆ ಎಲ್ಲರೂ ಜಂಬ ಅಂತಾರೆ!

ಪ್ರಶ್ನೆ ಕೇಳಿದವರು: ಮೇಡಂ, ಕೇಳಿದೆ. ನಾಲ್ಕೂವರೆಗೇ ಎಚ್ಚರ ಆಗುತ್ತಂತೆ, ಕಾಫಿ ಬರೋದು ಏಳಕ್ಕೆ. ಅಷ್ಟು ಹೊತ್ತು ಕತ್ತಲಲ್ಲಿ ಕೂತಿರ್ತಾರಂತೆ. ರೂಮಿನಲ್ಲಿ ಕೆಟಲ್ ಇಡೋ ಹಾಗಿಲ್ಲ ಅಂತಾರೆ ಮ್ಯಾನೇಜರ್.

ಉತ್ತರ: ಕೆಟಲ್ ವಿಷಯದಲ್ಲಿ ಅವರು ಹೇಳೋದು ಸರಿ, ಸುಟ್ಟುಕೊಂಡರೆ ಕಷ್ಟ. ಅಮ್ಮ ಮಲಗುವ ಮುಂಚೆ ರಾತ್ರಿ ಪಾಳಿಯ ಆಯಾ ಫ್ಲಾಸ್ಕಿಗೆ ಬಿಸಿನೀರು ತುಂಬಿಡಲಿ. ಡಿಕಾಕ್ಷನ್, ಹಾಲಿನ ಪುಡಿ, ಸಕ್ಕರೆ ಅಮ್ಮನ ಬೀರುವಿನಲ್ಲಿರಲಿ, ಬೆರೆಸೋದು ಅವರೇ. ಶುಗರ್ ಇದ್ದರೆ ಡಾಕ್ಟರನ್ನ ಕೇಳಿ. ಫ್ಲಾಸ್ಕ್ ಕೊಳ್ಳುವಾಗ ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಬೆರಳುಗಂಟು ನೋವಿದ್ದರೆ ತಿರುಗಿಸುವ ಮುಚ್ಚಳದ್ದು ಬೇಡ, ಒತ್ತಿದರೆ ಸುರಿಯುವಂಥದ್ದು ತಗೊಳ್ಳಿ.