ಬೆಳಗಿನ ಜಾವ ನಾಲ್ಕೂವರೆಗೆ ಬೆಕ್ಕು ಕೂಗೋದಕ್ಕೆ ಏನರ್ಥ? ಜೊತೆಗೆ ಇನ್ನೊಂದೆರಡು ಅನುಮಾನ

ಮಹಡಿಮನೆ_ಕುವೆಂಪುನಗರ

ಮನೆಯಲ್ಲಿ ಎರಡು ಬೆಕ್ಕು. ಎರಡೂ ನಾಡ ಬೆಕ್ಕೇ, ಎರಡಕ್ಕೂ ಆಪರೇಷನ್ ಆಗಿದೆ. ಬೆಳ್ಳಿ ಹೆಣ್ಣು, ಮೂರು ವರ್ಷ, ನಾಲ್ಕು ಕೆ.ಜಿ. ಗುಂಡ ಗಂಡು, ಎರಡು ವರ್ಷ. ಮೊದಲನೇ ಮಹಡಿ, ಹೊರಗೆ ಬಿಡಲ್ಲ. ಬೆಳಿಗ್ಗೆ 7ಕ್ಕೆ, ರಾತ್ರಿ 7.30ಕ್ಕೆ ಒಣ ಆಹಾರ.

ಬೆಳ್ಳಿ ದಿನಾ 4.30ಕ್ಕೆ ಮಲಗೋ ಕೋಣೆ ಬಾಗಿಲ ಹತ್ತಿರ ಕೂತು ಕೂಗೋಕೆ ಶುರು. ಎದ್ದು ಒಂದು ಹಿಡಿ ಹಾಕಿದರೆ ಸುಮ್ಮನಾಗ್ತಾಳೆ. ಹಗಲಿನ ಕೂಗೇ ಬೇರೆ, ಚಿಕ್ಕದು. ಮಡಿಲಲ್ಲಿ ಕೂತು ಮುಂಗಾಲಲ್ಲಿ ಚಪಾತಿ ಹಿಟ್ಟು ನಾದ್ತಾಳೆ, ಗೊರಗೊರ ಅಂತಾಳೆ, ಮಗುಚಿ ಹೊಟ್ಟೆ ತೋರಿಸ್ತಾಳೆ. ಹೊಟ್ಟೆ ಸವರಿದರೆ ಕಚ್ಚಿ ಓಡ್ತಾಳೆ. ಕಿಟಕಿಯಲ್ಲಿ ಪಾರಿವಾಳ ಕಂಡರೆ ಹಲ್ಲು ಕಟಕಟ. ಇದಕ್ಕೆಲ್ಲ ಅರ್ಥ ಇದೆಯಾ, ನಾವೇ ಕಲ್ಪಿಸಿಕೊಳ್ತಿದೀವಾ?

ಇನ್ನೊಂದು: ಗುಂಡ ನಿನ್ನೆ ಸಂಜೆಯಿಂದ ಮರಳಿನ ಟ್ರೇಗೆ ಹತ್ತು ಸಲ ಹೋಗಿ ಬಂದ. ಕೂತು ಕೂಗ್ತಾನೆ, ಎದ್ದು ಬರ್ತಾನೆ. ಮೊನ್ನೆ ಲಿಟರ್ (ಟ್ರೇಗೆ ಹಾಕೋ ಮರಳು) ಬದಲಾಯಿಸಿದ್ವಿ, ಅದಕ್ಕೇ ತಕರಾರು ಅಂದ್ಕೊಂಡಿದೀವಿ. ಹಳೇದನ್ನೇ ತರಬೇಕಾ?

ಗದ್ದೆಬಯಲು_ಮಂಡ್ಯ

ಸ್ವಾಮಿ, ಬೆಳ್ಳಿ ವಿಷಯ ಆಮೇಲೆ. ಮೊದಲು ಎದ್ದು ಟ್ರೇ ನೋಡಿ. ಆರೋಗ್ಯವಾಗಿರೋ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಮೂತ್ರ ಮಾಡುತ್ತೆ. ಗಟ್ಟಿಯಾಗೋ ಲಿಟರ್ ಆದ್ರೆ ಒಂದೊಂದು ಸಲಕ್ಕೂ ನಿಂಬೆಹಣ್ಣಿನಷ್ಟು ಉಂಡೆ ಇರಬೇಕು. ನಿನ್ನೆ ಸಂಜೆಯಿಂದ ಉಂಡೆ ಇಲ್ಲ, ಅಥವಾ ಕಡಲೆಕಾಳಿನಷ್ಟು ಚೂರುಗಳು ಮಾತ್ರ ಇವೆ ಅಂದ್ರೆ ಗುಂಡನ ಮೂತ್ರದ ದಾರಿ ಕಟ್ಟಿದೆ ಅಂತಲೇ ತಿಳ್ಕೊಳ್ಳಿ. ಲಿಟರ್ ಬದಲಾಯಿಸಿದ್ದಕ್ಕೆ ತಕರಾರು ಇರೋ ಬೆಕ್ಕು ಟ್ರೇ ಬಿಟ್ಟು ಮೂಲೆಗೋ ಕಾಲೊರೆಸಿಗೋ ಹೋಗುತ್ತೆ. ಪದೇ ಪದೇ ಅದೇ ಟ್ರೇಗೆ ಹೋಗಿ ಮುಕ್ಕಲ್ಲ.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಣ್ಣ. ಹರಳು, ಲೋಳೆ ಸೇರಿ ಬಿರಟೆ ಥರ ಕೂತ್ಕೊಳ್ಳುತ್ತೆ. ಮೂತ್ರ ಹೊರಗೆ ಹೋಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ, ಏರಿದರೆ ಹೃದಯ ನಿಲ್ಲುತ್ತೆ. ಪೂರ್ತಿ ಕಟ್ಟಿದ ಮೇಲೆ 24ರಿಂದ 48 ಗಂಟೆ, ಅಷ್ಟೇ ಕಾಲಾವಕಾಶ. ತುಂಬಾ ಜನ ಇದನ್ನ ಮಲಬದ್ಧತೆ ಅಂತ ತಿಳ್ಕೊಂಡು ಹರಳೆಣ್ಣೆ ಕುಡಿಸ್ತಾ ಒಂದು ದಿನ ಕಳೀತಾರೆ. ಮುಕ್ಕೋ ಭಂಗಿ ಎರಡಕ್ಕೂ ಒಂದೇ ಥರ ಕಾಣೋದೇ ಕಾರಣ.

ಹೊಟ್ಟೆ ಒತ್ತಿ ನೋಡಬೇಡಿ, ತುಂಬಿದ ಮೂತ್ರಚೀಲ ಒಡೆಯಬಹುದು. ಬಾರ್ಲಿ ನೀರು, ಎಳನೀರು ಸಿರಿಂಜಲ್ಲಿ ಹಾಕಬೇಡಿ. ಹೊರಹೋಗೋ ದಾರಿ ಮುಚ್ಚಿದಾಗ ಒಳಗೆ ತುಂಬಿಸಿ ಉಪಯೋಗ ಇಲ್ಲ. ನೋವಿಗೆ ಅಂತ ಮನೇಲಿರೋ ಪ್ಯಾರಸಿಟಮಾಲ್ ಅಂತೂ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. ಬುಟ್ಟಿಗೆ ಹಳೇ ಟವೆಲ್ ಹಾಸಿ, ಮೇಲೆ ಬಟ್ಟೆ ಮುಚ್ಚಿ, ಹೊರಡಿ. ಹೊರಡೋ ಮುಂಚೆ ಫೋನ್ ಮಾಡಿ ಕ್ಯಾಥೆಟರ್ (ಮೂತ್ರ ಹೊರತೆಗೆಯೋ ಸಣ್ಣ ಕೊಳವೆ) ಹಾಕೋ ವ್ಯವಸ್ಥೆ ಇದೆಯಾ ಕೇಳಿ. ಡಾಕ್ಟ್ರಿಗೆ ಮೂರು ವಿಷಯ ಹೇಳಬೇಕು: ಕೊನೇ ಉಂಡೆ ಯಾವಾಗ ಸಿಕ್ತು, ವಾಂತಿ ಆಗಿದೆಯಾ, ಕೊನೇ ಸಲ ತಿಂದಿದ್ದು ಯಾವಾಗ.

ಮಹಡಿಮನೆ_ಕುವೆಂಪುನಗರ

ನಿನ್ನೆ ರಾತ್ರಿಯಿಂದ ಒಂದೂ ಉಂಡೆ ಇಲ್ಲ. ಹೊರಟ್ವಿ.

ಸರಸ್ವತೀಪುರಂ_ಹಿತ್ತಿಲು

ಗುಂಡ ಹುಷಾರಾಗಲಿ. ಬೆಳ್ಳಿ ಬಗ್ಗೆ ಬರೆದಿಡ್ತೀನಿ, ಬಂದ ಮೇಲೆ ಓದಿ.

"ಈ ಕೂಗಿಗೆ ಈ ಅರ್ಥ" ಅನ್ನೋ ನಿಘಂಟು ಹುಡುಕಬೇಡಿ. 1944ರಲ್ಲಿ ಮಿಲ್ಡ್ರೆಡ್ ಮೋಲ್ಕ್ ಎಂಬಾಕೆ ಸಾಕು ಬೆಕ್ಕಿನ 16 ಬಗೆ ದನಿಗಳನ್ನ ಗುರುತಿಸಿ, ಬಾಯಿ ಏನು ಮಾಡ್ತಿದೆ ಅನ್ನೋದರ ಮೇಲೆ ಮೂರು ಗುಂಪು ಮಾಡಿದ್ರು. ಬಾಯಿ ಮುಚ್ಚಿದಾಗಿನ ಗೊರಗೊರ ಮತ್ತು ಬ್ರ್‌ರ್ ಅನ್ನೋ ಸಣ್ಣ ಸ್ವಾಗತ ಒಂದು ಗುಂಪು. ಬಾಯಿ ತೆರೆದು ನಿಧಾನ ಮುಚ್ಚುವಾಗಿನ ಮಿಯಾಂವ್ ಎರಡನೇದು. ಬಾಯಿ ಬಿಗಿಯಾಗಿ ತೆರೆದೇ ಇರೋ ಬುಸುಗುಟ್ಟುವಿಕೆ, ಗುರುಗುಟ್ಟುವಿಕೆ, ಊಳಾಟ ಮೂರನೇದು. ನಾವು "ಮಿಯಾಂವ್" ಅಂತ ಬರೆಯೋದ್ರಲ್ಲೇ ಆ ಎರಡನೇದು ಪೂರ್ತಿ ಇದೆ: ಮಕಾರಕ್ಕೆ ತುಟಿ ಕೂಡಿರುತ್ತೆ, ಯಾ ಅಂದಾಗ ತೆರೆಯುತ್ತೆ, ವ್‌ಗೆ ಮತ್ತೆ ಮುಚ್ಚಿಕೊಳ್ಳುತ್ತೆ. ಕತ್ತಲಲ್ಲಿ ಕಿವಿಗೆ ಬಿದ್ದ ಕೂಗು ಯಾವ ಗುಂಪಿನದು ಅಂತ ತಿಳಿದರೆ ಎದ್ದು ಓಡಬೇಕೋ ಮಗ್ಗುಲು ಬದಲಿಸಬೇಕೋ ಗೊತ್ತಾಗುತ್ತೆ.

ಮರಿಗಳು ತಾಯಿಯನ್ನ ಕರೆಯೋಕೆ ಮಿಯಾಂವ್ ಅಂತವೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹಾಗೆ ಕರೆಯೋದು ಅಪರೂಪ, ಅದನ್ನ ಮನುಷ್ಯರಿಗೆ ಅಂತ ಉಳಿಸಿಕೊಂಡಿರ್ತವೆ. ಯಾವ ದನಿಗೆ ನಿಮ್ಮ ಮನೆಯವರು ಏಳ್ತಾರೋ ಆ ದನಿ ಗಟ್ಟಿಯಾಗುತ್ತೆ. ಹಾಗಾಗಿ ಒಂದು ಮನೆ ಬೆಕ್ಕಿನ "ಊಟ ಹಾಕು" ಇನ್ನೊಂದು ಮನೆಯವರಿಗೆ ಅರ್ಥವಾಗಲ್ಲ. ಎಲ್ಲಿ ನಿಂತು ಕೂಗ್ತು, ಎಷ್ಟು ಹೊತ್ತಿಗೆ, ಏನು ಸಿಕ್ಕಮೇಲೆ ನಿಲ್ಲಿಸ್ತು, ಇಷ್ಟು ನೋಡಿದ್ರೆ ಸಾಕು.

ಆ ಲೆಕ್ಕದಲ್ಲಿ 4.30ರ ಕೂಗನ್ನ ಬೆಳ್ಳಿಗೆ ಕಲಿಸಿದವರು ನೀವೇ. ರಾತ್ರಿ 7.30ರಿಂದ ಬೆಳಿಗ್ಗೆ 7ರವರೆಗೆ ಹನ್ನೊಂದೂವರೆ ಗಂಟೆ ಹೊಟ್ಟೆ ಖಾಲಿ. ಬೆಕ್ಕು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ತಿನ್ನೋ ಪ್ರಾಣಿ, ಮೇಲಾಗಿ ಮುಂಜಾನೆ ಮುಸ್ಸಂಜೆ ಅದರ ಬೇಟೆ ಹೊತ್ತು. ಬೀದಿಯಲ್ಲಿ ಹಾಲಿನ ಕ್ರೇಟ್ ಇಳಿಸೋ ಸದ್ದೇ ಅಲಾರಂ. ಕೂಗಿದಳು, ಹಿಡಿ ಆಹಾರ ಬಿತ್ತು. ಪಾಠ ಮುಗೀತು.

ಬಿಡಿಸೋದು ಹೀಗೆ. ನಾಲ್ಕು ಕೆ.ಜಿ. ಬೆಕ್ಕು ಮನೆಯೊಳಗೇ ಇರೋದಾದ್ರೆ ದಿನಕ್ಕೆ ಒಣ ಆಹಾರ ಸುಮಾರು 55-60 ಗ್ರಾಂ. ಪ್ಯಾಕೆಟ್ ಮೇಲಿನ ಕ್ಯಾಲರಿ ನೋಡಿ ಸರಿ ಮಾಡಿಕೊಳ್ಳಿ, ಹಿಡಿಯಲ್ಲಿ ಅಳೀಬೇಡಿ, ತಕ್ಕಡಿ ಇಡಿ. 56 ಗ್ರಾಂ ಅಂತಿಟ್ಕೊಂಡರೆ ಬೆಳಿಗ್ಗೆ 7ಕ್ಕೆ 14, ಮಧ್ಯಾಹ್ನ 8, ಸಂಜೆ 7.30ಕ್ಕೆ 14, ರಾತ್ರಿ 10.30ಕ್ಕೆ 20. ಆ ಕೊನೇ ಊಟಕ್ಕೆ ಮುಂಚೆ ಹತ್ತು ನಿಮಿಷ ಕೋಲಿಗೆ ದಾರ ಕಟ್ಟಿ ಓಡಾಡಿಸಿ, ಕೊನೆಗೆ ಅವಳ ಕೈಗೆ ಸಿಗಲಿ. ಬೇಟೆ, ಊಟ, ಮೈ ನೆಕ್ಕೋದು, ನಿದ್ದೆ, ಬೆಕ್ಕಿನ ದಿನಚರಿ ಈ ಸಾಲಲ್ಲೇ ನಡೆಯೋದು. ಆಟ ಮುಗಿದ ಮೇಲೆ ದಾರ ಬೀರುವಿನೊಳಗೆ. ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತೆ.

ಇನ್ನು 4.30ಕ್ಕೆ ಏಳಬೇಡಿ. ಬೈಯಲೂಬೇಡಿ, ಬೈಗುಳವೂ ಉತ್ತರವೇ. ಮೊದಲ ಮೂರ್ನಾಲ್ಕು ದಿನ ಕೂಗು ಕಮ್ಮಿ ಆಗೋ ಬದಲು ಜಾಸ್ತಿ ಆಗುತ್ತೆ. ಎಲ್ಲರೂ ಸೋಲೋದು ಇಲ್ಲೇ. ಆರನೇ ದಿನ ತಡೀಲಾರದೆ ಎದ್ದು ಹಾಕಿದ್ರೆ "ಆರು ದಿನ ಕೂಗಿದ್ರೆ ಸಿಗುತ್ತೆ" ಅಂತ ಕಲೀತಾಳೆ, ಮೊದಲಿಗಿಂತ ಕೆಟ್ಟ ಸ್ಥಿತಿ. ಅಷ್ಟು ಗಟ್ಟಿ ಮನಸ್ಸು ಇಲ್ಲ ಅಂದ್ರೆ ಟೈಮರ್ ಇರೋ ತಟ್ಟೆ ತಗೊಳ್ಳಿ. ಬೆಳಗಿನ 14ರಲ್ಲಿ 6 ಗ್ರಾಂ ಅದಕ್ಕೆ ಹಾಕಿ, ಅವಳು ಕೂಗೋಕೆ ಮುಂಚೆಯೇ, 4.15ಕ್ಕೆ ತೆರೆಯೋ ಹಾಗೆ ಇಟ್ಟು, ಮೂರು ದಿನಕ್ಕೊಮ್ಮೆ ಹತ್ತು ನಿಮಿಷ ಮುಂದೂಡಿ. ಕೂಗೋದಿದ್ರೆ ಆಮೇಲೆ ತಟ್ಟೆ ಮುಂದೆ ಕೂತು ಕೂಗ್ತಾಳೆ, ನಿಮ್ಮ ಬಾಗಿಲಲ್ಲಲ್ಲ.

ಹೆಸರು ಕರೆದ್ರೆ ಬರಲ್ಲ, ಅರ್ಥ ಆಗಲ್ವೇನೋ ಅನ್ನೋರಿಗೆ: ಅರ್ಥ ಆಗುತ್ತೆ. ಜಪಾನಿನ ಅತ್ಸುಕೊ ಸೈತೊ ತಂಡ 2013ರಲ್ಲಿ ಒಡೆಯರ ದನಿಯನ್ನ, 2019ರಲ್ಲಿ ತಮ್ಮ ಹೆಸರನ್ನ ಬೆಕ್ಕುಗಳು ಗುರುತಿಸ್ತವೆ ಅಂತ ತೋರಿಸಿತು. ಆದರೆ ಉತ್ತರ ಕಿವಿ ತಿರುಗಿಸೋದ್ರಲ್ಲಿ, ಕತ್ತು ಅಲ್ಲಾಡಿಸೋದ್ರಲ್ಲಿ ಇರುತ್ತೆ. ಎದ್ದು ಬರೋದು ಅದರ ಮರ್ಜಿ. ಇನ್ನು ಮುಂದೆ ಕರೆದಾಗ ಬಾಗಿಲ ಕಡೆ ನೋಡೋ ಬದಲು ಕಿವಿ ನೋಡಿ.

ಲಕ್ಷ್ಮೀಪುರಂ_ವಠಾರ

ಮೇಲಿನವರು ದನಿ ಬಗ್ಗೆ ಹೇಳಿದ್ದು ಸರಿ. ಆದರೆ ನನ್ನ ಪ್ರಕಾರ ದನಿಗಿಂತ ಮೈ ಹೆಚ್ಚು ಹೇಳುತ್ತೆ, ಅದರಲ್ಲೂ ಗೊರಗೊರ ನಂಬಿ ಕೆಟ್ಟವರು ಬಹಳ. ಖುಷಿಯಲ್ಲಿದ್ದಾಗ ಮಾತ್ರ ಅಲ್ಲ, ನೋವಲ್ಲಿದ್ದಾಗ, ಡಾಕ್ಟ್ರ ಮೇಜಿನ ಮೇಲೂ ಬೆಕ್ಕು ಗೊರಗೊರ ಅನ್ನುತ್ತೆ. ಊಟಕ್ಕೆ ಅಂತ ಮಾಡೋ ಗೊರಗೊರದ ಒಳಗೆ ಒಂದು ಎಳೆ ಅಳು ಸೇರಿರುತ್ತೆ. ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕೊಂಬ್ ತಂಡ 2009ರಲ್ಲಿ ಅಳೆದಾಗ ಆ ಅಳು 220ರಿಂದ 520 ಹರ್ಟ್ಸ್ ನಡುವೆ ಸಿಕ್ಕಿತು, ಹೆಚ್ಚುಕಮ್ಮಿ ಎಳೆ ಮಗುವಿನ ಅಳುವಿನ ಶ್ರುತಿ. ಬೆಕ್ಕು ಸಾಕದವರಿಗೂ ಅದು ಅವಸರದ ದನಿಯಾಗಿ ಕೇಳಿಸ್ತು. ಅದಕ್ಕೇ ಮಲಗಿರೋಕೆ ಆಗಲ್ಲ.

ನೋವಿನ ಗೊರಗೊರ ಅಂತ ಗುರುತಿಸೋಕೆ ಮುಖ ನೋಡಿ. ಮಾಂಟ್ರಿಯಲ್‌ನಲ್ಲಿ 2019ರಲ್ಲಿ ಒಂದು ಅಳತೆ ಮಾಡಿದಾರೆ: ಕಿವಿ, ಕಣ್ಣು, ಮೂತಿಯ ಬಿಗಿ, ಮೀಸೆ, ತಲೆ, ಈ ಐದಕ್ಕೆ ಸೊನ್ನೆಯಿಂದ ಎರಡು ಅಂಕ. ಕಿವಿ ಹೊರಕ್ಕೆ ತಿರುಗಿ ಒಂದರಿಂದ ಒಂದು ದೂರ ಹೋಗಿರೋದು, ಕಣ್ಣು ಕಿರಿದಾಗಿರೋದು, ಮೂತಿ ದುಂಡಗಿರದೆ ಉದ್ದಕ್ಕೆ ಬಿಗಿದಿರೋದು, ಮೀಸೆ ನೆಟ್ಟಗೆ ಮುಂದಕ್ಕೆ ಸೆಟೆದಿರೋದು, ತಲೆ ಹೆಗಲಿಗಿಂತ ಕೆಳಗಿರೋದು. ಹತ್ತಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಡಾಕ್ಟ್ರ ಹತ್ರ ಹೋಗಿ. ನಿದ್ದೆ ಮಾಡ್ತಿರೋವಾಗ, ತಿನ್ನೋವಾಗ, ಮೈ ನೆಕ್ಕೋವಾಗ ಎಣಿಸಿದರೆ ಲೆಕ್ಕ ತಪ್ಪುತ್ತೆ.

ಬೆಳ್ಳಿ ಹೊಟ್ಟೆ ತೋರಿಸೋದು "ನಿನ್ನ ಮುಂದೆ ನನಗೆ ಭಯ ಇಲ್ಲ" ಅಂತ. ಮುಟ್ಟು ಅಂತಲ್ಲ. ಕೆನ್ನೆ, ಗಲ್ಲ, ಕಿವಿ ಬುಡ, ಇವು ಅದರ ವಾಸನೆ ಗ್ರಂಥಿ ಇರೋ ಜಾಗ, ಸವರಿಸಿಕೊಳ್ಳೋಕೂ ಅಲ್ಲೇ ಇಷ್ಟ. ಮೂರು ಸೆಕೆಂಡ್ ಸವರಿ, ಕೈ ತೆಗೆಯಿರಿ. ತಾನೇ ತಲೆ ಒತ್ತಿಕೊಂಡು ಬಂದ್ರೆ ಇನ್ನೊಂದು ಮೂರು ಸೆಕೆಂಡ್. ಬಾಲದ ತುದಿ ಪಟಪಟ ಅಂದ್ರೆ, ಬೆನ್ನಿನ ಚರ್ಮ ಅಲುಗಿದ್ರೆ, ಕಿವಿ ಪಕ್ಕಕ್ಕೆ ವಾಲಿದ್ರೆ ನಿಲ್ಲಿಸಿ. "ಇದ್ದಕ್ಕಿದ್ದಂತೆ ಕಚ್ತು" ಅನ್ನೋ ದೂರುಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದನ್ನ ನೋಡದೆ ಬಿಟ್ಟವು. ನಾದೋದು ಹಾಲು ಕುಡಿಯೋ ಕಾಲದ ಅಭ್ಯಾಸ, ಉಗುರು ಚುಚ್ಚಿದ್ರೆ ತೊಡೆ ಮೇಲೆ ದಪ್ಪ ಟವೆಲ್. ಪಾರಿವಾಳದ ಕಟಕಟ ನಿಮಗೆ ಹೇಳಿದ್ದಲ್ಲ, ಬಿಡಿ.

ಬಾಲ ಧ್ವಜಸ್ತಂಭದಂತೆ ನೆಟ್ಟಗೆ, ತುದಿ ಸ್ವಲ್ಪ ಬಾಗಿ ನಿಮ್ಮ ಕಡೆ ಬಂದ್ರೆ ಅದು ನಮಸ್ಕಾರ. ಬಾಗಿ ಬೆರಳು ಚಾಚಿ, ಮೂಸಲಿ. ದೂರದಲ್ಲಿ ಕೂತು ನೋಡ್ತಿದ್ರೆ ದಿಟ್ಟಿಸಬೇಡಿ. ಕಣ್ಣು ಅರ್ಧ ಮುಚ್ಚಿ, ನಿಧಾನ ಪೂರ್ತಿ ಮುಚ್ಚಿ ಒಂದೆರಡು ಸೆಕೆಂಡ್ ಬಿಟ್ಟು ತೆರೆಯಿರಿ. ಹೀಗೆ ಮಾಡಿದವರಿಗೆ ಬೆಕ್ಕುಗಳು ತಾವೂ ನಿಧಾನ ಕಣ್ಣು ಮುಚ್ಚಿ ಉತ್ತರ ಕೊಟ್ಟವು, ಗುರುತಿಲ್ಲದವರ ಹತ್ತಿರಕ್ಕೂ ಹೆಚ್ಚಾಗಿ ಬಂದವು ಅಂತ 2020ರ ಅಧ್ಯಯನ ಒಂದರಲ್ಲಿ ಬಂದಿದೆ. ಮೂತಿ ಹತ್ತಿರ ಮುಖ ಒಡ್ಡಿ ಮಾಡಿದ್ರೆ ಕೆಲಸ ಮಾಡಲ್ಲ, ಒಂದು ಮೀಟರ್ ಆಚೆಯಿಂದ ಮಾಡಿ.

ಜಂಬೂಸವಾರಿ ದಿನ 21 ಕುಶಾಲತೋಪು ಹಾರಿದಾಗ ನಮ್ಮ ಕಡೆ ಬೆಕ್ಕುಗಳ ಕಿವಿ ತಲೆಗೆ ಅಂಟಿ, ಕಣ್ಣು ಪೂರ್ತಿ ಕಪ್ಪಾಗಿ, ಮೈ ನೆಲಕ್ಕೆ ಒತ್ತಿ ಮಂಚದಡಿ ಸೇರ್ತವೆ. ಎಳೆದು ಸಮಾಧಾನ ಮಾಡೋಕೆ ಹೋಗಬೇಡಿ, ನೀರು ಅಲ್ಲೇ ಇಡಿ.

ಗದ್ದೆಬಯಲು_ಮಂಡ್ಯ

ಇದನ್ನ ಓದೋ ಬೇರೆಯವರಿಗೆ ಎರಡು ಮಾತು. ರಾತ್ರಿ ಬೆಕ್ಕು ಅತ್ತರೆ ಅಪಶಕುನ ಅಂತಾರೆ. ಆಪರೇಷನ್ ಆಗದ ಹೆಣ್ಣು ಬೆಕ್ಕು ಬೆದೆಗೆ ಬಂದಾಗ, ಗಂಡುಗಳು ಗಡಿಗೆ ಜಗಳ ಆಡುವಾಗ ಬರೋ ದನಿ ಅದು. ನಾಲ್ಕೈದು ತಿಂಗಳ ಮರಿಯೂ ಬೆದೆಗೆ ಬರಬಹುದು. ಸೊಂಟ ಎತ್ತಿ, ಬಾಲ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಹೊರಳಾಡುತ್ತೆ, "ಬೆನ್ನು ಮುರಿದಿದೆ" ಅಂತ ಎತ್ತಿಕೊಂಡು ಬರೋರೂ ಇದಾರೆ. ಹತ್ತು ವರ್ಷ ದಾಟಿದ ಬೆಕ್ಕು ಹೊಸದಾಗಿ ರಾತ್ರಿ ಜೋರಾಗಿ ಕೂಗೋಕೆ ಶುರು ಮಾಡಿದ್ರೆ ಥೈರಾಯ್ಡ್, ಬಿ.ಪಿ., ಮೂತ್ರಪಿಂಡ ನೋಡಿಸಿ. ಅದಕ್ಕೆ ಟೈಮರ್ ತಟ್ಟೆ ಮದ್ದಲ್ಲ.

ಮಹಡಿಮನೆ_ಕುವೆಂಪುನಗರ

ಗುಂಡನಿಗೆ ಕಟ್ಟಿದ್ದು ನಿಜ. ಕ್ಯಾಥೆಟರ್ ಹಾಕಿ ಮೂರು ದಿನ ಇಟ್ಕೊಂಡು ಇವತ್ತು ಕಳಿಸಿದ್ರು. ಎಲ್ಲರಿಗೂ ಋಣಿ. ಈಗ ಹೊಸ ತಲೆನೋವು: ಬೆಳ್ಳಿ ಅವನನ್ನ ನೋಡಿ ಬುಸುಗುಟ್ತಾಳೆ, ಬಾಲ ಬಾಟಲ್ ಬ್ರಷ್ ಥರ ಆಗುತ್ತೆ. ಒಟ್ಟಿಗೆ ಮಲಗ್ತಿದ್ದವರು. ಮರೆತೇ ಬಿಟ್ಟಳಾ?

ಸರಸ್ವತೀಪುರಂ_ಹಿತ್ತಿಲು

ಮರೆತಿಲ್ಲ. ಅವನ ಮೈಯಲ್ಲಿ ಆಸ್ಪತ್ರೆ ವಾಸನೆ. ಕಣ್ಣಿಗೆ ಗುಂಡ, ಮೂಗಿಗೆ ಯಾರೋ. ಬೆಕ್ಕು ಮೂಗನ್ನ ನಂಬುತ್ತೆ. ಬುಸುಗುಟ್ಟೋದು "ಅಲ್ಲೇ ನಿಲ್ಲು" ಅನ್ನೋ ಮಾತು, ಅದಕ್ಕೆ ಗದರಬೇಡಿ. ಗದರಿದ್ರೆ ಎಚ್ಚರಿಕೆ ಬಿಟ್ಟು ನೇರ ಪರಚೋದು ಕಲೀತಾಳೆ.

ಅವನಿಗೆ ಬೇರೆ ಕೋಣೆ, ಬೇರೆ ಟ್ರೇ, ಒಂದೆರಡು ದಿನ. ಸ್ನಾನ ಮಾಡಿಸೋದು, ಪೌಡರ್ ಹಾಕೋದು ಬೇಡ, ಇನ್ನೊಂದು ವಾಸನೆ ಸೇರಿಸಿದಂತೆ. ಒಣಗಿದ ಹತ್ತಿ ಬಟ್ಟೆಯಿಂದ ಬೆಳ್ಳಿ ಕೆನ್ನೆ ಒರೆಸಿ, ಅದೇ ಬಟ್ಟೆಯಿಂದ ಅವನ ಕೆನ್ನೆ, ಬೆನ್ನು ಒರೆಸಿ. ದಿನಕ್ಕೆ ಮೂರ್ನಾಲ್ಕು ಸಲ. ಮುಚ್ಚಿದ ಬಾಗಿಲ ಆಚೆ ಈಚೆ ತಟ್ಟೆ ಇಟ್ಟು ಒಂದೇ ಹೊತ್ತಿಗೆ ಊಟ. ಬಾಗಿಲ ಸಂದಿ ಮೂಸಿ ಸುಮ್ಮನೆ ತಿನ್ನೋಕೆ ಶುರು ಮಾಡಿದ ಮೇಲೆ ಐದು ನಿಮಿಷ ಬಾಗಿಲು ತೆರೆಯಿರಿ, ಜಗಳಕ್ಕೆ ಮುಂಚೆಯೇ ಮುಚ್ಚಿ.

ಗದ್ದೆಬಯಲು_ಮಂಡ್ಯ

ಬೇರೆ ಕೋಣೆಯಲ್ಲಿಡೋದು ಇನ್ನೊಂದಕ್ಕೂ ಒಳ್ಳೇದು. ಕ್ಯಾಥೆಟರ್ ತೆಗೆದ ಮೊದಲ ದಿನಗಳಲ್ಲೇ ಮತ್ತೆ ಕಟ್ಟೋದು ಜಾಸ್ತಿ, ಆ ಟ್ರೇಯಲ್ಲಿ ಸಿಗೋ ಉಂಡೆ ಎಲ್ಲಾ ಗುಂಡನದೇ ಆಗಿರುತ್ತೆ. ಬೆಳಿಗ್ಗೆ ಸಂಜೆ ಎಣಿಸಿ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಡಾಕ್ಟ್ರು ಬರೆದ ಆಹಾರಕ್ಕೆ ನೀರು ಬೆರೆಸಿ ಹಸಿಯಾಗಿ ಕೊಡಿ, ನೀರಿನ ಬಟ್ಟಲು ಟ್ರೇಯಿಂದ ದೂರ ಇಡಿ. ಇಬ್ಬರನ್ನೂ ಸೇರಿಸಿದ ಮೇಲೆ ಮನೇಲಿ ಮೂರು ಟ್ರೇ ಬೇಕು, ಒಂದೇ ಸಾಲಲ್ಲಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ. ವಾಷಿಂಗ್ ಮೆಷಿನ್ ಪಕ್ಕ ಬೇಡ.