ಲಾಡ್ಜ್ ವೈಫೈಗೆ ಅಲೆಕ್ಸಾ ಸ್ಪೀಕರ್ ಸೇರಿಸೋದು ಹೇಗೆ? (ಚಿಕ್ಕಮಗಳೂರಲ್ಲಿದ್ದೀವಿ)

ಪೆನ್ಷನ್ ಮೊಹಲ್ಲಾ:
ನಮಸ್ಕಾರ. ನಮ್ಮದು ಹಾಸನ. ಅತ್ತೆಯ ತಮ್ಮನ ಮೊಮ್ಮಗಳ ಮದುವೆಗೆ ಚಿಕ್ಕಮಗಳೂರಿಗೆ ಬಂದಿದ್ದೀವಿ, ಐ.ಜಿ. ರಸ್ತೆ ಹತ್ತಿರ ಲಾಡ್ಜ್‌ನಲ್ಲಿ ಇಳಿದುಕೊಂಡಿದ್ದೀವಿ. ಅತ್ತೆಗೆ ಕಣ್ಣು ಮಂಜು, ಮೊಬೈಲ್ ಸ್ಕ್ರೀನ್ ಕಾಣಲ್ಲ. ಮನೆಯಲ್ಲಿ ಬ್ಯಾಟರಿ ಇರುವ ಅಲೆಕ್ಸಾ ಸ್ಪೀಕರ್ ಒಂದಿದೆ. ಅಡುಗೆಮನೆ, ಜಗಲಿ, ತಾರಸಿ, ಹೋದಲ್ಲೆಲ್ಲ ಅದನ್ನು ಕೂಸಿನ ಹಾಗೆ ಎತ್ತಿಕೊಂಡೇ ಓಡಾಡುತ್ತಾರೆ. 'ಅಲೆಕ್ಸಾ, ಪ್ಲೇ ಕಾಳಿಂಗ ರಾವ್' ಅನ್ನೋದು ಬಾಯಿಪಾಠ. ಇಲ್ಲಿಗೂ ಸೀರೆ ಮಧ್ಯೆ ಸುತ್ತಿ ತಂದಿದ್ದಾರೆ.

ಇಲ್ಲಿನ ವೈಫೈಗೆ ಫೋನ್ ಸೇರಿಸಿದರೆ ಒಂದು ಪುಟ ಬರುತ್ತದೆ. ರೂಮ್ ನಂಬರ್, ಮೊಬೈಲ್ ನಂಬರ್ ಹಾಕಬೇಕು, ಆಮೇಲೆ ಓಟಿಪಿ. ಫೋನ್‌ಗೆ ಸರಿ. ಸ್ಪೀಕರ್‌ಗೆ? ಆ್ಯಪ್‌ನಲ್ಲಿ ವೈಫೈ ಹೆಸರು ಕಾಣುತ್ತೆ, ಸೇರಿಸಿದೆ. ಆದರೆ ಏನು ಕೇಳಿದರೂ ಇಂಟರ್ನೆಟ್ ಇಲ್ಲ ಅಂತ ಇಂಗ್ಲಿಷಿನಲ್ಲಿ ಸಾರಿ ಹೇಳುತ್ತೆ. ನಾವೆಲ್ಲ ಛತ್ರಕ್ಕೆ ಹೋದಾಗ ಅತ್ತೆ ರೂಮಲ್ಲಿ ಒಬ್ಬರೇ. ಏನಾದರೂ ದಾರಿ ಇದೆಯಾ?

ಕಡೂರು ಬೈಪಾಸ್:
ಬ್ಲೂಟೂತ್ ಹಾಕಿ, ಫೋನಿಂದ ಹಾಡು ಬಿಡಿ. ಮುಗೀತು.

ಪೆನ್ಷನ್ ಮೊಹಲ್ಲಾ:
ಹಾಡು ಬರುತ್ತೆ ಸರ್, ಆದರೆ ಬದಲಾಯಿಸೋರು ಯಾರು? ಇಂಟರ್ನೆಟ್ ಇಲ್ಲದಿದ್ದರೆ ಬಾಯಲ್ಲಿ ಹೇಳಿದ್ದು ಅದಕ್ಕೆ ತಿಳಿಯಲ್ಲ. ಫೋನ್ ಅತ್ತೆ ಕೈಗೆ ಕೊಟ್ಟು ಪ್ರಯೋಜನ ಇಲ್ಲ.

ಮೂಡಿಗೆರೆ ಮಳೆ:
ಅಕ್ಕ, ಸ್ಪೀಕರ್ ಕೆಟ್ಟಿಲ್ಲ. ಅದು ವೈಫೈಗೆ ಸೇರಿದೆ, ಆದರೆ ಲಾಡ್ಜ್ ರೂಟರ್ ಬಾಗಿಲಲ್ಲೇ ನಿಲ್ಲಿಸಿದೆ. ಲಾಗಿನ್ ಆಗದ ಸಾಧನವನ್ನೆಲ್ಲ ರೂಟರ್ ಆ ಪುಟಕ್ಕೇ ತಳ್ಳುತ್ತೆ. ಸ್ಪೀಕರ್‌ಗೆ ಸ್ಕ್ರೀನೂ ಇಲ್ಲ, ಬ್ರೌಸರೂ ಇಲ್ಲ, ಓಟಿಪಿ ಎಲ್ಲಿ ಹಾಕುತ್ತೆ ಪಾಪ.

ನಾನು ಹೋಂಸ್ಟೇ ನಡೆಸುವವನು. ಪ್ರತಿ ಸಾಧನಕ್ಕೂ ಮ್ಯಾಕ್ ಅಡ್ರೆಸ್ ಅಂತ ಒಂದು ಗುರುತು ಇರುತ್ತೆ, ರೂಟರ್ ಲೆಕ್ಕ ಇಡೋದು ಅದರ ಮೇಲೆ. ಅಲೆಕ್ಸಾ ಆ್ಯಪ್‌ನಲ್ಲಿ ಸ್ಪೀಕರ್‌ನ ಸೆಟ್ಟಿಂಗ್ಸ್ ಒಳಗೆ ಅದು ಸಿಗುತ್ತೆ. ಕೌಂಟರ್‌ನಲ್ಲಿ ಕೊಟ್ಟು, 'ಇದನ್ನು ಲಾಗಿನ್ ಇಲ್ಲದೆ ಬಿಡಿ' ಅಂತ ಕೇಳಿ ನೋಡಿ. ರೂಟರ್ ನೋಡಿಕೊಳ್ಳುವವರು ಅಲ್ಲೇ ಇದ್ದರೆ ಸಣ್ಣ ಕೆಲಸ. ಇಲ್ಲದಿದ್ದರೆ ಕೌಂಟರ್ ಹುಡುಗ 'ನೆಟ್ ಸ್ಲೋ ಇದೆ ಮೇಡಂ' ಅನ್ನುತ್ತಾನೆ, ಅಷ್ಟೆ.

ಸಕಲೇಶಪುರ ಘಾಟಿ:
ಲಾಡ್ಜ್‌ನವರನ್ನು ಕಾಯಬೇಡಿ. ಫೋನ್ ಹಾಟ್‌ಸ್ಪಾಟ್ ಆನ್ ಮಾಡಿ, ಅದಕ್ಕೆ ಹಾಸನದ ಮನೆ ವೈಫೈ ಹೆಸರನ್ನೇ ಇಡಿ, ಪಾಸ್‌ವರ್ಡೂ ಅದೇ. ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಜಾಗ, ಎಲ್ಲ ಹಾಗೇ ಇರಲಿ. ಸ್ಪೀಕರ್ ಮನೆಗೇ ಬಂದೆ ಅಂದುಕೊಂಡು ತಾನೇ ಸೇರುತ್ತೆ. ಸೇರದಿದ್ದರೆ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿ, ಕೆಲವು ಸ್ಪೀಕರ್‌ಗಳಿಗೆ 5 ಕಾಣಲ್ಲ.

ಡೇಟಾ ಚಿಂತೆ ಬೇಡ. ಹಾಡಿನ ಗುಣಮಟ್ಟ 128 ಕೆಬಿಪಿಎಸ್ ಇದ್ದರೆ ಗಂಟೆಗೆ 60 ಎಂಬಿಯೊಳಗೆ, 320 ಇದ್ದರೆ 145ರ ಹತ್ತಿರ. ಆದರೆ ಒಂದು ಎಚ್ಚರ. ನಿಮ್ಮ ಮನೆಯವರ ಫೋನ್‌ಗಳೂ ಇದನ್ನು ಮನೆ ವೈಫೈ ಅಂದುಕೊಂಡು ಸೇರಿಕೊಳ್ಳುತ್ತವೆ. ವೈಫೈ ಸಿಕ್ಕಿತು ಅಂತ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲ ಶುರು. ಮದುವೆಮನೆ ವಿಡಿಯೋಗಳಿದ್ದರೆ ದಿನದ 1.5 ಜಿಬಿ ತಿಂಡಿ ಹೊತ್ತಿಗೇ ಖಾಲಿ.

ಪೆನ್ಷನ್ ಮೊಹಲ್ಲಾ:
ಸೂಪರ್, ತಾನಾಗೇ ಸೇರಿಕೊಂಡಿತು! ಆದರೆ ನಾನು ಛತ್ರಕ್ಕೆ ಹೋದರೆ ಫೋನೂ ನನ್ನ ಜೊತೆ ಬರುತ್ತಲ್ಲ. ಯಜಮಾನರ ಲ್ಯಾಪ್‌ಟಾಪ್ ರೂಮಲ್ಲೇ ಇರುತ್ತೆ. ಅದರಲ್ಲಿ ಆಗುತ್ತಾ?

ಮೂಡಿಗೆರೆ ಮಳೆ:
ವಿಂಡೋಸ್ 10 ಅಥವಾ 11 ಆದರೆ ಆಗುತ್ತೆ, ಫೋನ್‌ಗಿಂತ ಅದೇ ವಾಸಿ. ಲ್ಯಾಪ್‌ಟಾಪನ್ನು ಲಾಡ್ಜ್ ವೈಫೈಗೆ ಸೇರಿಸಿ, ಅದರ ಬ್ರೌಸರ್‌ನಲ್ಲೇ ಓಟಿಪಿ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಮನೆ ವೈಫೈ ಹೆಸರು, ಪಾಸ್‌ವರ್ಡ್ ಕೊಡಿ. ಲಾಡ್ಜ್ ರೂಟರ್‌ಗೆ ಕಾಣೋದು ಲ್ಯಾಪ್‌ಟಾಪ್ ಒಂದೇ, ಸ್ಪೀಕರ್ ಅದರ ಹಿಂದೆ. ಸಿಮ್ ಡೇಟಾ ಖರ್ಚೇ ಇಲ್ಲ. ಚಾರ್ಜರ್ ಹಾಕಿಡಿ, ಸ್ಲೀಪ್ 'ನೆವರ್' ಮಾಡಿ. ಲ್ಯಾಪ್‌ಟಾಪ್ ಮಲಗಿದರೆ ಕಾಳಿಂಗ ರಾಯರೂ ಮಲಗುತ್ತಾರೆ.

ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಹೀಗೆ ವೈಫೈಯನ್ನೇ ಹಂಚಬಹುದು. ಐಫೋನ್ ಮಾತ್ರ ಸಿಮ್ ಡೇಟಾ ಬಿಟ್ಟು ಬೇರೆ ಹಂಚಲ್ಲ.

ಬೇಲೂರು ರಸ್ತೆ:
ಎಲ್ಲರೂ ಹಾಡಿನ ಬಗ್ಗೆಯೇ ಹೇಳಿದಿರಿ. ಲಾಡ್ಜ್ ವೈಫೈ ಅಂದರೆ ಕದ್ದು ಕೇಳುತ್ತಾರೆ ಅಂತ ಹೆದರೋರು ಜಾಸ್ತಿ. ಸ್ಪೀಕರ್‌ನಿಂದ ಸರ್ವರ್‌ಗೆ ಹೋಗೋ ಮಾತು ಎನ್‌ಕ್ರಿಪ್ಟ್ ಆಗಿರುತ್ತೆ, ನನಗೆ ಅದರ ಚಿಂತೆ ಇಲ್ಲ. ಚಿಂತೆ ರೂಮಿಗೆ ಬಂದುಹೋಗುವವರದ್ದು. ಮದುವೆ ಮಕ್ಕಳು 'ಅಲೆಕ್ಸಾ, ಚಾಕೊಲೇಟ್ ಆರ್ಡರ್ ಮಾಡು' ಅಂದರೆ? ಆ್ಯಪ್‌ನಲ್ಲಿ ಮಾತಿನ ಖರೀದಿ ಆಫ್ ಮಾಡಿ, ಡ್ರಾಪ್ ಇನ್ (ಈ ಕಡೆ ಯಾರೂ ಕರೆ ಎತ್ತದಿದ್ದರೂ ಬೇರೆ ಕಡೆಯಿಂದ ಸ್ಪೀಕರ್‌ಗೆ ನೇರ ಸೇರಿ ಮಾತಾಡೋ ಸೌಲಭ್ಯ) ಕೂಡ ಆಫ್. ರಾತ್ರಿ ಮೈಕ್ ಬಟನ್ ಒತ್ತಿದರೆ ಕೆಂಪು ದೀಪ ಬರುತ್ತೆ, ಆಗ ಅದು ಕೇಳಿಸಿಕೊಳ್ಳಲ್ಲ.

ಪೆನ್ಷನ್ ಮೊಹಲ್ಲಾ:
ಅಪ್‌ಡೇಟ್. ಯಜಮಾನರದ್ದು ಆಫೀಸ್ ಲ್ಯಾಪ್‌ಟಾಪ್, ಹಾಟ್‌ಸ್ಪಾಟ್ ಬಟನ್ ಬೂದು ಬಣ್ಣದಲ್ಲಿದೆ, ಒತ್ತೋಕೇ ಆಗಲ್ಲ. ಮದುಮಗಳ ತಮ್ಮ ಇಂಜಿನಿಯರಿಂಗ್ ಓದ್ತಾನೆ, ಅವನ ಲ್ಯಾಪ್‌ಟಾಪ್ ಕೇಳಿ ತಂದು ಕಿಟಕಿ ಪಕ್ಕ ಇಟ್ಟೆವು. ಕೆಲಸ ಆಯಿತು. ಖರೀದಿ ಆಫ್ ಮಾಡಿದೆ, ಥ್ಯಾಂಕ್ಸ್ ಬೇಲೂರು ರಸ್ತೆಯವರೇ. ನಾವು ಚಪ್ಪರಕ್ಕೆ ಹೋಗಿ ಬರೋ ಹೊತ್ತಿಗೆ ಅತ್ತೆ ಪಿ.ಬಿ. ಶ್ರೀನಿವಾಸ್ ಮುಗಿಸಿ ಜಾನಕಿಗೆ ಬಂದಿದ್ದರು.

ಇನ್ನೊಂದೇ ಪ್ರಶ್ನೆ. ಇಲ್ಲಿ ಜಡಿಮಳೆ, ಅತ್ತೆ ಹವಾಮಾನ ಕೇಳಿದರೆ ಬಿಸಿಲು ಅನ್ನುತ್ತೆ!

ಸಕಲೇಶಪುರ ಘಾಟಿ:
ಅದು ಹಾಸನದ ಬಿಸಿಲು. ಆ್ಯಪ್‌ನಲ್ಲಿ ಸ್ಪೀಕರ್‌ಗೆ ಕೊಟ್ಟಿರುವ ವಿಳಾಸ ನೋಡಿ ಹೇಳುತ್ತೆ, ನೀವು ಎಲ್ಲಿಗೆ ಹೊತ್ತುಕೊಂಡು ಹೋದರೂ ಅಷ್ಟೆ. ವಿಳಾಸ ಬದಲಿಸೋ ಬದಲು, 'ವೆದರ್ ಇನ್ ಚಿಕ್ಕಮಗಳೂರು' ಅಂತ ಕೇಳೋಕೆ ಹೇಳಿಕೊಡಿ.